ತಪ್ಪಿಲ್ಲದ ಸೀರೆ

ಆರನೇ ಇಯತ್ತೆಗೆ ಶಾಲೆ ಬಿಟ್ಟು ಇಳಕಲ್ಲಿನ ಕುಣಿಮಗ್ಗಕ್ಕೆ ಇಳಿದವನು ನಾನು. ಒಂದು ಎಳೆ ತಪ್ಪಿದರೂ ಅಪ್ಪ ಲಾಳಿಯಿಂದಲೇ ಬೆರಳ ಮೇಲೆ ಬಿಡುತ್ತಿದ್ದ. ನನ್ನ ಬಟ್ಟೆಯಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಚಹಾ ಕುಡಿಸುತ್ತೇನೆಂದು ಹೇಳುತ್ತ ಬಂದಿದ್ದೇನೆ. ಇದುವರೆಗೆ ಚಹಾ ಖರ್ಚಾಗಿಲ್ಲ.

ಈಗ ಮರಾಠಿ ಸೀಮೆಯ ಧನಕವಡಿಯಲ್ಲಿ ನಮಗೆ ಎರಡು ಕೋಣೆ: ಒಂದು ಮಗ್ಗಕ್ಕೆ, ಒಂದು ನಮಗೆ. ಹೋದ ವರ್ಷ ಪೇಟೆಯ ಕೈಮಗ್ಗ ಪ್ರದರ್ಶನವೊಂದರಲ್ಲಿ ಒಂದು ಮೂಲೆ ಸಿಕ್ಕಿತು. ಮೂರು ದಿನದಲ್ಲಿ ಗಿರಾಕಿಗಳು ಮೆಚ್ಚಿದರೆ ಪ್ರತಿ ವರ್ಷ ಆ ಮೂಲೆ ನಿಮಗೇ ಎಂದಿದ್ದರು ಸಂಘಟಕಿ, ಧಾರವಾಡದ ಕಡೆಯವರು. ಸೀರೆ ನೇರವಾಗಿ ಉಡುವವರ ಕೈಗೆ ಹೋಗುವಂಥ ಜಾಗ ನಮಗೆ ಬೇರೆ ಇರಲಿಲ್ಲ.

ಅಲ್ಲಿಗೆ ಬರುವವರು ಸೀರೆಯನ್ನು ನೋಡುವುದಕ್ಕಿಂತ ಮೊದಲು ಮೂಸುತ್ತಾರೆ. ನೇಕಾರನ ಅಂಗೈಯ ಫೋಟೊ ತೆಗೆದುಕೊಳ್ಳುತ್ತಾರೆ. ಎರಡು ದಿನ ಒಂದು ಸೀರೆಯೂ ಹೋಗಲಿಲ್ಲ. ಇಷ್ಟು ಸರಿಯಾಗಿದೆಯೆಂದರೆ ಮಷಿನ್‌ದೇ ಎಂದು ಎಲ್ಲರಿಗೂ ಖಾತ್ರಿ. ಮೂರನೆಯ ದಿನ ಬೆಳಿಗ್ಗೆ ಸಂಘಟಕಿ ಪಕ್ಕದಲ್ಲಿ ಕುಳಿತು ಸಮಾಧಾನದಿಂದ ಹೇಳಿದರು: "ಅಣ್ಣಾರ, ಒಂದೆರಡು ತಪ್ಪು ಇರಲಿ ಬಿಡ್ರಿ. ಕೈಲೆ ನೇಯ್ದದ್ದು ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?"

ನಲವತ್ತು ವರ್ಷ ತಪ್ಪು ಕಳೆದವನು ಒಮ್ಮೆಲೇ ಅದನ್ನು ಎಲ್ಲಿಂದ ತರಲಿ?

ಮಧ್ಯಾಹ್ನ ಮರಾಠಿ ಬಾಯಿಯೊಬ್ಬರು ನಮ್ಮದೊಂದು ಸೀರೆ ಬಿಚ್ಚಿ ಹರವಿದರು. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು, ಸಾವಿರಾರು ಕೊಂಡಿ. ಅದು ನನ್ನ ಹೆಂಡತಿಯ ಕೆಲಸ. ಬೆಸುಗೆಯ ಆ ಸಣ್ಣ ಗೀರಿನ ಮೇಲೆ ಬೆರಳಾಡಿಸಿದ ಬಾಯಿಯವರಿಗೆ ಖುಷಿಯೋ ಖುಷಿ. ಇಲ್ಲಿದೆ ನೋಡಿ, ಎಷ್ಟು ಚಂದದ ತಪ್ಪು ಎಂದು ಮರಾಠಿಯಲ್ಲಿ ಗೆಳತಿಯರನ್ನು ಕರೆದರು. ಸಂಘಟಕಿ ಶಾಬಾಸ್ ಎಂಬಂತೆ ನನ್ನತ್ತ ತಲೆಯಾಡಿಸಿದರು.

ಮೂಲೆ ನಮ್ಮದಾದಂತೆಯೇ ಅನ್ನಿ. ಅಭಿಮಾನ ನುಂಗಿಕೊಂಡು ಅವರಿಗೆ ಕೊಡಲು ಸೀರೆ ಮಡಚತೊಡಗಿದೆ. ಪಕ್ಕದಲ್ಲಿದ್ದ ಹೆಂಡತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸಂಘಟಕಿಯ ಕಡೆ ತಿರುಗಿದಳು.

"ಈ ತಪ್ಪು ಕಲಿಯಾಕ ನನಗ ಹತ್ತು ವರ್ಷ ಹಿಡದಾವ್ರಿ. ತಪ್ಪಂತ ಒಯ್ಯೋರಿಗೆ ನಾ ಕೊಡಂಗಿಲ್ಲ. ಅವರಿಗೆ ಹೇಳ್ರಿ."

ಸಂಘಟಕಿ ಅದನ್ನು ಮರಾಠಿಗೆ ಹೇಗೆ ತಿರುಗಿಸಿದರೋ, ಬಾಯಿಯವರು ಮುಂದಿನ ಮಳಿಗೆಗೆ ಹೋದರು. ಹೆಂಡತಿಗೆ ಎರಡು ಮಾತು ಬೈಯಬೇಕೆಂದುಕೊಂಡೆ. ಬದಲಿಗೆ ಸೀರೆಯ ಇನ್ನೊಂದು ತುದಿ ಹಿಡಿದು ಅವಳ ಜೊತೆ ಮಡಚಿದೆ.

ಈ ವರ್ಷ ಆ ಮೂಲೆ ಬೇರೊಬ್ಬನಿಗೆ ಸಿಕ್ಕಿತು. ಹೋಗಿ ನೋಡಿ ಬಂದೆ. ಗಿರಾಕಿಗಳು ಮುಗಿಬಿದ್ದಿದ್ದರು. ಪಳಗಿದ ಕೈ ಇರಬೇಕು: ಅವನ ಪ್ರತಿ ಸೀರೆಯಲ್ಲೂ ಒಂದೇ ಜಾಗದಲ್ಲಿ, ಒಂದೇ ಅಳತೆಯ ತಪ್ಪು.