ಲೈನ್‌ಮ್ಯಾನ್ ದುರ್ಗೇಶನ ರಬ್ಬರ್ ಗ್ಲೌಸು

ನನಗೆ ಕಾಯುವುದೆಂದರೆ ಆಗದು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಕರೆಂಟು ಹೋಯಿತೆಂದರೆ ಗಿರಣಿ ನಿಂತಂತೆ, ಜನ ಡಬ್ಬಿ ಹಿಡಿದುಕೊಂಡು ನನ್ನ ಮುಖ ನೋಡುತ್ತಾ ಕೂತಂತೆ. ಹೀಗಿರುವಾಗ ನಮ್ಮ ಭಾಗಕ್ಕೆ ಬಂದ ಹೊಸ ಲೈನ್‌ಮ್ಯಾನ್ ಇಡೀ ತಾಲ್ಲೂಕಿನಲ್ಲೇ ನಿಧಾನದ ಮನುಷ್ಯ ಎಂದು ತಿಳಿದಾಗ ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ. ಸಾಲದ್ದಕ್ಕೆ ಅವನು ಬಾಡಿಗೆಗೆ ಬಂದದ್ದೂ ನನ್ನ ಮನೆಯ ಪಕ್ಕದ ಭಾಗಕ್ಕೇ.

ಅವನೇ ದುರ್ಗೇಶ. ತುಮರಿ ಕಡೆಯವನು, ಸಾಗರದಲ್ಲಿ ಐಟಿಐ ಮಾಡಿ ಈ ಕೆಲಸ ಹಿಡಿದವನು. ಕಪ್ಪಗೆ, ಗಟ್ಟಿಮುಟ್ಟಾಗಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಜಾತಿ. ಕಂಬ ಹತ್ತುವುದರಲ್ಲಿ ಅವನೇನೂ ನಿಧಾನಿ ಅಲ್ಲ, ನಮ್ಮ ಕಣ್ಣು ಅವನ ಹಿಂದೆ ಓಡಬೇಕು. ತಡವಾಗುತ್ತಿದ್ದದ್ದು ಕೆಳಗೆ, ಹತ್ತುವ ಮುಂಚೆ.

ಟ್ರಾನ್ಸ್‌ಫಾರ್ಮರ್ ಹತ್ತಿರ ಬಂದವನು ಚೀಲದಿಂದ ಮೊಣಕೈವರೆಗೆ ಬರುವ ದಪ್ಪ ರಬ್ಬರ್ ಗ್ಲೌಸು ತೆಗೆಯುತ್ತಾನೆ. ಅದರೊಳಗೆ ಗಾಳಿ ಹಿಡಿದು, ಬಾಯಿ ಕಡೆಯಿಂದ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತಾ ಬರುತ್ತಾನೆ. ಐದೂ ಬೆರಳು ಉಬ್ಬಿ ನಿಲ್ಲುತ್ತವೆ. ಅದನ್ನು ಹಿಸುಕುತ್ತಾ ಕೆನ್ನೆಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾನೆ. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಗುತ್ತದಂತೆ. ಆಮೇಲೆ ಇನ್ನೊಂದು ಕೈಯದ್ದು. ರಬ್ಬರು ಹರಿಯದಿರಲೆಂದು ಅದರ ಮೇಲೊಂದು ಚರ್ಮದ ಗ್ಲೌಸು. ಇಷ್ಟೂ ಆಗುವ ಹೊತ್ತಿಗೆ ನನ್ನ ರಕ್ತ ಕುದಿದಿರುತ್ತಿತ್ತು. "ಮುದ್ದು ಮಾಡಿದ್ದು ಸಾಕು ಮಾರಾಯ, ಮದುವೆ ಆಗಿದೆ ನಿಂಗೆ" ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೇನೆ. ಅವನು ಸುಮ್ಮನೆ ನಗುತ್ತಿದ್ದ.

ಒಮ್ಮೆ ಜಗಲಿಯಲ್ಲಿ ಕೂತಿದ್ದಾಗ ಆ ಗ್ಲೌಸಿನ ಅಂಚಿನಲ್ಲಿ ಅಚ್ಚಾಗಿದ್ದನ್ನು ತೋರಿಸಿ ಏನದು ಎಂದು ಕೇಳಿದೆ.

"ಕ್ಲಾಸ್ ಎರಡು ಅಂತ. ಹದಿನೇಳು ಸಾವಿರ ವೋಲ್ಟ್ ತನಕ ತಡೀತದೆ. ನಮ್ಮ ಲೈನು ಹನ್ನೊಂದು ಸಾವಿರ. ಪಕ್ಕದಲ್ಲಿರೋದು ತಾರೀಕು. ಆರು ತಿಂಗ್ಳಿಗೊಂದ್ಸಲ ಮತ್ತೆ ಟೆಸ್ಟಿಗೆ ಕಳಿಸ್ಬೇಕು."

"ಮತ್ತೆ? ಅಷ್ಟೆಲ್ಲ ಟೆಸ್ಟ್ ಆಗಿರೋದನ್ನ ನೀ ದಿನಾ ಊದಿ ನೋಡೋದೆಂತಕೆ?"

"ಅಣ್ಣ, ಆ ನಂಬರು ಲ್ಯಾಬಲ್ಲಿ ಟೆಸ್ಟ್ ಮಾಡಿದ ದಿನದ್ದು. ಇವತ್ತಿಂದು ನಾನೇ ನೋಡ್ಕಬೇಕು."

ಮಾತು ಸರಿಯಾಗಿಯೇ ಇತ್ತು. ಆದರೆ ಮರುದಿನ ಕರೆಂಟು ಹೋದಾಗ ನನಗೆ ಮತ್ತೆ ಸಿಟ್ಟು ಬಂತು.

ಹೋದ ಆಷಾಢದಲ್ಲಿ ಒಂದು ವಾರ ಬಿಡದೆ ಗಾಳಿಮಳೆ ಹಿಡಿಯಿತು. ದಿನವೂ ಎಲ್ಲೋ ಒಂದು ಕಡೆ ಮರ ಬಿದ್ದು ತಂತಿ ಹರಿಯುತ್ತಿತ್ತು. ಗಿರಣಿ ನಿಂತ ಸಿಟ್ಟಿಗೆ ನಾನೂ ದಿನಾ ಬೈಕಿನಲ್ಲಿ ದುರ್ಗೇಶನ ಹಿಂದೆಯೇ ಹೋಗಿ ಕಂಬದ ಕೆಳಗೆ ನಿಲ್ಲುತ್ತಿದ್ದೆ. ದುರ್ಗೇಶ ಕತ್ತಲಾದ ಮೇಲೆ ಮನೆಗೆ ಬಂದು, ಎರಡು ತುತ್ತು ತಿಂದು ಬಿದ್ದುಕೊಳ್ಳುವುದು, ಬೆಳಗಾದರೆ ಅದೇ ಚೀಲ ಹೆಗಲಿಗೇರಿಸಿ ಹೊರಡುವುದು. ಆ ವಾರದ ಕೊನೆಗೆ ನಮ್ಮೂರಿನ ಟ್ರಾನ್ಸ್‌ಫಾರ್ಮರಿನ ಫ್ಯೂಸು ಸುಟ್ಟಿತು. ಸುತ್ತ ಮಳೆ ಸುರಿಯುತ್ತಿದ್ದರೂ ಪಂಪು ಓಡದೆ ಕುಡಿಯುವ ನೀರಿನ ಟ್ಯಾಂಕು ಖಾಲಿಯಾಯಿತು. ಮರುದಿನ ಮಧ್ಯಾಹ್ನ ಅವನು ಬರುವ ಹೊತ್ತಿಗೆ ಅರ್ಧ ಊರೇ ಕೊಡೆ ಹಿಡಿದು ಅಲ್ಲಿ ನಿಂತಿತ್ತು.

ಅವನು ಎಂದಿನಂತೆ ಗ್ಲೌಸು ಸುತ್ತಿ ಕೆನ್ನೆಗೆ ಹಿಡಿದ. ಮತ್ತೊಮ್ಮೆ ಸುತ್ತಿದ, ಮತ್ತೊಮ್ಮೆ ಹಿಡಿದ. ಆಮೇಲೆ ನಮ್ಮ ಕಡೆ ತಿರುಗಿ, "ಗಾಳಿ ಹೋಗ್ತಿದೆ. ಇವತ್ತು ಕೆಲಸ ಆಗಲ್ಲ" ಎಂದ.

ಪಂಚಾಯ್ತಿ ಸದಸ್ಯ ಮಂಜುನಾಥಪ್ಪ ಗೌಡರು ಮುಂದೆ ಬಂದರು. "ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿದ್ಯಲ್ಲ, ಮತ್ತೆ ಗ್ಲೌಸಿನ ಹಂಗೆಂತಕೆ?"

"ಯಾರದ್ದೋ ಮನೇಲಿ ಜನರೇಟರ್ ಹಾಕಿರ್ತಾರೆ ಗೌಡ್ರೆ. ಅದು ತಿರುಗಿ ಲೈನಿಗೆ ಹೊಡೆದ್ರೆ ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋದು ಹಿಡ್ಕಂಡವನಿಗೆ ಮಾತ್ರ."

ಅಲ್ಲೇ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿರುವ ತಿಮ್ಮಣ್ಣ ಧೈರ್ಯ ಕೊಟ್ಟ. "ಇಷ್ಟೇಯಾ? ಕೊಡಿಲ್ಲಿ, ಒಂದು ಪ್ಯಾಚ್ ಹಾಕ್ತೀನಿ. ಲಾರಿ ಟ್ಯೂಬೇ ತಡೀತದೆ."

"ಟ್ಯೂಬಲ್ಲಿ ಗಾಳಿ ಹೋದ್ರೆ ನೀವು ಇಳಿದು ತಳ್ಕಂಡು ಹೋಗ್ತೀರಿ ತಿಮ್ಮಣ್ಣ. ಇದ್ರಲ್ಲಿ ಹೋದ್ರೆ ನನ್ನ ನೀವು ಹೊತ್ಕಂಡು ಹೋಗ್ಬೇಕು."

ಯಾರೋ ನಕ್ಕರು, ಯಾರೋ ಬೈದರು. ಬೈದವರಲ್ಲಿ ನಾನೂ ಇದ್ದೆ. ತಿಥಿ ಮನೆಯೊಂದರ ಅಕ್ಕಿ ನನ್ನ ಗಿರಣಿಯಲ್ಲಿ ಬಿದ್ದಿತ್ತು. ಕೆಲಸ ತಪ್ಪಿಸಿಕೊಳ್ಳಲು ನೆಪ ಎಂಬ ಮಾತೂ ಹಿಂದಿನಿಂದ ಬಂತು. ದುರ್ಗೇಶ ಗ್ಲೌಸು ಹಿಡಿದುಕೊಂಡು ರಸ್ತೆ ದಾಟಿದ. ತಿಮ್ಮಣ್ಣ ಟ್ಯೂಬು ಮುಳುಗಿಸುವ ನೀರಿನ ತೊಟ್ಟಿಗೆ ಉಬ್ಬಿದ ಗ್ಲೌಸನ್ನು ಒತ್ತಿ ಹಿಡಿದ. ಹೆಬ್ಬೆರಳಿನ ಬುಡದಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಮಂಜುನಾಥಪ್ಪನವರು ತೊಟ್ಟಿಗೆ ಬಗ್ಗಿ ನೋಡಿ, "ಬೇಡಪ್ಪ, ಹತ್ತಬೇಡ" ಎಂದರು. ಮರುದಿನ ಬೆಳಿಗ್ಗೆ ಹೊಸನಗರದಿಂದ ಬೇರೆ ಜೋಡಿ ಗ್ಲೌಸು ಬಂತು, ಕರೆಂಟೂ ಬಂತು.

ಗ್ಲೌಸು ತೂತೆಂದು ಗೊತ್ತಾದ ದಿನವೇ ಸಂಜೆ ಅವನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಮಾತು: "ಶಾಖ ತಾಗದೆ ಹಿಂಗೆ ಬಿರುಕು ಬಿಡಲ್ಲ ಅಣ್ಣ. ಬಿಸಿಲೇ ಇಲ್ಲ, ಶಾಖ ಎಲ್ಲಿಂದ ಬಂತು?" ನನಗೇನು ಗೊತ್ತು.

ಅವನ ಹೆಂಡತಿ ಶಿಲ್ಪಶ್ರೀ ಬಾಗಿಲಲ್ಲೇ ಇದ್ದಳು. ಒದ್ದೆ ಚೀಲಕ್ಕೆ ಕೈ ಚಾಚಿ, "ಕೊಡಿ, ಬಚ್ಚಲೊಲೆ ಮೇಲೆ ಹಾಕ್ತೀನಿ" ಎಂದಳು.

ದುರ್ಗೇಶ ಚೀಲ ಬಿಡಲಿಲ್ಲ. "ದಿನಾ ಹಾಕ್ತಿದ್ಯಾ?"

"ಹೌದಲ್ಲ. ಈ ವಾರ ನೀವು ಬಂದವ್ರೇ ಮಲಗ್ತಿದ್ರಿ. ಒಳಗೆಲ್ಲ ನೀರು. ಒದ್ದೇಲಿ ಹೆಂಗೆ ಕೈ ಹಾಕ್ತೀರಿ ಅಂತ ಒಲೆ ಮೇಲಿನ ದಾರಕ್ಕೆ ಸಿಕ್ಸಿ ಒಣಗ್ಸಿ, ನೀವು ಏಳೋದ್ರೊಳಗೆ ಚೀಲದಲ್ಲಿ ಇಡ್ತಿದ್ದೆ."

ಅವಳನ್ನು ಬೈಯುವಂತಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಬಚ್ಚಲೊಲೆಯ ಮೇಲೇ ಬಟ್ಟೆ ಒಣಗಬೇಕು, ಕಂಬಳಿ ಒಣಗಬೇಕು, ಮಕ್ಕಳ ಶಾಲೆಯ ಚೀಲವೂ ಒಣಗಬೇಕು. ಅವನ ಮೂಗಿಗೆ ಹೊಗೆ ವಾಸನೆ ಬರಲಿಲ್ಲವೇ ಎಂದು ಕೇಳಿದರೆ, ಆಷಾಢದಲ್ಲಿ ಹೊಗೆ ವಾಸನೆ ಇಲ್ಲದ ವಸ್ತು ನಮ್ಮೂರಲ್ಲಿ ಯಾವುದಿದೆ? ಬಟ್ಟೆಗೆ ಸರಿ. ರಬ್ಬರಿಗೆ ಆಗದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ದುರ್ಗೇಶ ಸಾಮಾನ್ಯವಾಗಿ ತಾನೇ ಒರೆಸಿ ನೆರಳಲ್ಲಿ ತೂಗುಹಾಕುತ್ತಿದ್ದವನು, ಹಾಗಾಗಿ ಹೇಳುವ ಸಂದರ್ಭವೇ ಬಂದಿರಲಿಲ್ಲ.

ಈಗ ಹೇಳಿದ. ಬಿರುಕನ್ನೂ ತೋರಿಸಿದ. ಅವಳು ಹೆಬ್ಬೆರಳಿನ ಬುಡವನ್ನು ಬಗ್ಗಿಸಿ ನೋಡಿದಳು. ಗೋಡೆ ಹಿಡಿದು ಜಗಲಿಯ ಮೇಲೆ ಕೂತಳು.

"ಹಂಗಾದ್ರೆ ಈ ವಾರ ಪೂರ್ತಿ ನಾನು ನಿಮ್ಗೆ ತೂತು ಗ್ಲೌಸು ಕೊಟ್ಟು ಕಳಿಸಿದ್ನಾ?"

ಅವಳ ಮುಂದಿನ ಬದುಕೆಲ್ಲ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ ಎಂದು ನೋಡಿದರೇ ತಿಳಿಯುತ್ತಿತ್ತು.

"ಒಂದು ದಿನಾನೂ ಇಲ್ಲ" ಎಂದ ದುರ್ಗೇಶ. "ನಿನ್ನೆ ತನಕ ಸರಿ ಇತ್ತು. ಹಾಕ್ಕಳೋ ಮುಂಚೆ ಪ್ರತಿ ಸಲ ನೋಡಿದೀನಿ."

ಅವಳು ನಂಬಲಿಲ್ಲ. ಹೆಂಡತಿಯ ಸಮಾಧಾನಕ್ಕೆ ಗಂಡ ಹೇಳುವ ಮಾತು ಎಂದುಕೊಂಡಿರಬೇಕು. ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಅಣ್ಣ, ಹೌದಾ?"

ನಾನು ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಆದರೆ ಈ ಒಂದು ವಿಷಯಕ್ಕೆ ಊರಲ್ಲಿ ನನಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

"ಹೌದಮ್ಮ" ಎಂದೆ. "ಒಂದು ಸಲ ಬಿಟ್ಟಿದ್ರೂ ನಂಗೆ ಗೊತ್ತಾಗ್ತಿತ್ತು. ಪ್ರತಿ ಸಲ ಬೈಕಂಡು ನಿಂತಿದ್ದವ್ನು ನಾನೇ."

ಆಗ ಅವಳು ಅತ್ತಳು.