ಜಿನಗೊಂಡನ ಗಾಳಿಪಂಪು

ಇಚಲಕರಂಜಿಯ ಶಹಾಪುರ ಭಾಗದ ಜಿನಗೊಂಡನಿಗೆ ಎಲ್ಲಾದರೂ ಮಗ್ಗ ಕೆಟ್ಟು ನಿಂತಿದೆ ಎಂದರೆ ಊಟ ರುಚಿಸುತ್ತಿರಲಿಲ್ಲ. ಆ ನೇಕಾರರ ಊರಿನ ಓಣಿಗಳಲ್ಲಿ ನಲವತ್ತು ವರ್ಷ ಜಾಬರನಾಗಿ, ಅಂದರೆ ಪವರ್‌ಲೂಮ್ ರಿಪೇರಿಯವನಾಗಿ, ನಟ್ಟು ಬಿಚ್ಚುವ ಪಾನಾ ಹಿಡಿದು ಷೆಡ್ಡಿನಿಂದ ಷೆಡ್ಡಿಗೆ ಓಡಾಡಿದವನು. ಹನ್ನೆರಡು ಮಗ್ಗ ಒಟ್ಟಿಗೆ ಖಟಖಟ ಎನ್ನುತ್ತಿದ್ದರೂ ಯಾವುದರ ಸದ್ದು ತಪ್ಪಿದೆ ಎಂದು ಬಾಗಿಲಲ್ಲೇ ನಿಂತು ಹೇಳಿಬಿಡುತ್ತಿದ್ದ. ಈಗ ಅರವತ್ತೆಂಟು ವಯಸ್ಸು. ಸ್ವಂತದ ಎಂಟು ಮಗ್ಗಗಳನ್ನು ಮಗ ಜಿನೇಂದ್ರ ನೋಡಿಕೊಳ್ಳುತ್ತಾನೆ. ಮುದುಕನ ಸೊಕ್ಕು ಮಾತ್ರ ಇಳಿದಿರಲಿಲ್ಲ. ಕೆಟ್ಟದ್ದು ಏನೇ ಇರಲಿ, ಬಿಚ್ಚಿ ನೋಡಿದರೆ ಸರಿಹೋಗುತ್ತದೆ ಎನ್ನುವ ಪೈಕಿ.

ಬಿಚ್ಚಿದರೂ ಸರಿಹೋಗದ್ದು ಮನೆಯಲ್ಲೇ ಇತ್ತು. ಹೆಂಡತಿ ಸೋನಾಬಾಯಿಯ ಎರಡೂ ಕಿಡ್ನಿ ನಾಲ್ಕು ವರ್ಷದ ಹಿಂದೆ ಕೈಕೊಟ್ಟಿದ್ದವು. ಊರಲ್ಲಿ ಡಯಾಲಿಸಿಸ್ಸಿಗೆ ಪಾಳಿ ಸಿಗದೆ ಕೊಲ್ಹಾಪುರದಲ್ಲಿ ಸಿಕ್ಕಿತ್ತು: ಸೋಮವಾರ, ಬುಧವಾರ, ಶುಕ್ರವಾರ, ಮುಂಜಾನೆ ಏಳಕ್ಕೆ. ಹಳೆಯ ಬಿಳಿ ಕಾರಿನಲ್ಲಿ ಜಿನಗೊಂಡನೇ ಕರೆದೊಯ್ಯುತ್ತಿದ್ದ. ಒಂದು ಪಾಳಿ ತಪ್ಪಿದರೆ ಮೈ ಊದುತ್ತದೆ, ಸಾಲಾಗಿ ಮೂರು ತಪ್ಪಿದರೆ ಆಸೆ ಬಿಡಿ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು.

ದೀಪಾವಳಿ ಮುಗಿದ ವಾರ ಸೋನಾಬಾಯಿ ಕಾರಿನಿಂದ ಇಳಿಯುತ್ತ, "ನನಗ ಸಾಕಾತ್ರಿ" ಅಂದಳು. ಅಷ್ಟೇ ಅಂದದ್ದು. ಜಿನಗೊಂಡನ ಪಿತ್ತ ನೆತ್ತಿಗೇರಿತು. ದೇವರ ಕೋಣೆಗೆ ಕರೆದೊಯ್ದು ಆಕೆಯ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡ.

"ಆಣಿ ಮಾಡು. ಇನ್ನೊಮ್ಮೆ ಆ ಮಾತು ನಿನ್ನ ಬಾಯಾಗ ಬಂತಂದ್ರ ನನ್ನ ಹೆಣಾ ನೋಡಿದಂಗ."

ಗಡಹಿಂಗ್ಲಜದ ಜೈನರ ಮನೆಯಿಂದ ಬಂದ ಹೆಣ್ಣು. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಮುಟ್ಟಿದವಳಲ್ಲ, ಹಿಡಿದ ನೇಮ ಬಿಟ್ಟವಳಲ್ಲ. ಆಣೆ ಮಾಡಿದಳು. ಅಂದಿನಿಂದ ಆ ಮಾತು ಆಕೆಯ ಬಾಯಿಂದ ಬರಲೇ ಇಲ್ಲ. ಗೆದ್ದೆ ಎಂದುಕೊಂಡ ಈ ಮಹಾರಾಯ.

ಸಂಕ್ರಾಂತಿ ಕಳೆದದ್ದೇ ತಡ, ಟೈರಿನ ಕಾಟ ಶುರುವಾಯಿತು. ಸೋಮವಾರ ಬೆಳಗ್ಗೆ ನೋಡಿದರೆ ಹಿಂದಿನ ಎಡಗಾಲಿ ನೆಲಕ್ಕೆ ಕೂತಿದೆ. ಸ್ಟೆಪ್ನಿ ಹಾಕಿ ಓಡಿಸಿದ. ಬುಧವಾರ ನೋಡಿದರೆ ಸ್ಟೆಪ್ನಿಯೂ ಕೂತಿದೆ. ಓಣಿಯ ಮೂಲೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಯಲ್ಲೇಶ ಎರಡನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುವಿ ತಿರುವಿ ನೋಡಿದ.

"ಕಾಕಾ, ಒಂದು ಗುಳ್ಳಿ ಸೈತ ಏಳವಲ್ದು. ಟೈರ್ ಬರೋಬ್ಬರಿ ಅದಾವ."

"ಬರೋಬ್ಬರಿ ಇದ್ರ ಗಾಳಿ ಎಲ್ಲಿ ಹೋತಲೇ? ನಿಮ್ಮಪ್ಪ ಬಂದು ಕುಡದು ಹೋದನೇನು?"

ಯಲ್ಲೇಶ ನಕ್ಕು, ಇರಲಿ ಎಂದು ವಾಲ್ವನ್ನೂ ಬದಲಿಸಿದ. ಶುಕ್ರವಾರ ಮತ್ತೆ ಅದೇ ಹಾಡು. ಜಿನಗೊಂಡ ರಾತ್ರಿ ಅಂಗಳದ ಗೇಟಿಗೆ ಬೀಗ ಹಾಕಿ ನೋಡಿದ. ಬೀಗ ಹಾಕಿದ ಹಾಗೇ ಇತ್ತು, ಗಾಳಿ ಇರಲಿಲ್ಲ.

ಯಲ್ಲೇಶ ದಿನಾ ಅಷ್ಟು ಬೆಳಗ್ಗೆ ಸಿಗುವವನಲ್ಲ, ಸೈಕಲ್ಲಿನ ಕೈಪಂಪಿನಿಂದ ತಾನೇ ಹೊಡೆದ. ಅರ್ಧ ತಾಸು ಹಿಡಿಯಿತು, ರಟ್ಟೆ ಸೋತುಹೋಯಿತು, ಆಸ್ಪತ್ರೆಗೆ ಎಂಟಕ್ಕೆ ಮುಟ್ಟಿದರು. ನಾಲ್ಕು ತಾಸಿನ ಪಾಳಿಯಲ್ಲಿ ಮೂರೇ ತಾಸು ಸಿಕ್ಕಿತು. ಕಾಲಿನಿಂದ ತುಳಿಯುವ ಪಂಪು ತಂದ. ಅದರ ಮುಳ್ಳು ಮೂವತ್ತು ತೋರಿಸುತ್ತಿತ್ತು, ಟೈರು ಮಾತ್ರ ಮೆತ್ತಗೇ ಇರುತ್ತಿತ್ತು. ಒಂದು ಬುಧವಾರ ಆ ಪಂಪಿನ ಕೊಳವೆಯೇ ಹರಿಯಿತು. ಊರಿನ ಬಾಡಿಗೆ ಗಾಡಿಗಳೆಲ್ಲ ಲಗ್ನಕ್ಕೆ ಹೋಗಿದ್ದವು. ಪಾಳಿ ತಪ್ಪಿತು. ಮರುದಿನ ಸೋನಾಬಾಯಿಯ ಮುಖ ಊದಿ ಕಣ್ಣು ಸಣ್ಣವಾದವು. ಮಲಗಲಾಗದೆ ಗೋಡೆಗೆ ಒರಗಿ ಕೂತೇ ಉಸಿರೆಳೆದಳು. ಜಿನಗೊಂಡ ಆಕೆಯ ಪಾದ ಒತ್ತುತ್ತ, ದರಿದ್ರ ಪಂಪು ನನ್ನ ಹೆಂಡತಿಯನ್ನು ಕೊಲ್ಲುತ್ತದೆ ಎಂದು ಅತ್ತ.

ಅಂದಿನಿಂದ ಅವನಿಗೆ ಪಂಪಿನದೇ ಧ್ಯಾನ. ಮೊಬೈಲಿನಲ್ಲಿ ನೋಡಿದ, ಡ್ರೈವರುಗಳನ್ನು ಕೇಳಿದ. ಮುಂದಿನ ಶುಕ್ರವಾರ ಆಕೆಯನ್ನು ಮೆಷಿನ್ನಿಗೆ ಹಚ್ಚಿದ ಮೇಲೆ, ಬೇರೆ ತಂದಿದ್ದ ಒಂದು ಗಾಳಿಮಾಪಕ ಜೇಬಿಗೆ ಹಾಕಿಕೊಂಡು ಕೊಲ್ಹಾಪುರದ ಬಾಪೂಸಾಹೇಬನ ಬಿಡಿಭಾಗದ ಅಂಗಡಿಗೆ ಹೋದ. ಕಾರಿನ ಕರೆಂಟಿನಲ್ಲೇ ನಡೆಯುವ ನಾಲ್ಕು ಪಂಪು ಬಿಚ್ಚಿಸಿದ. ಒಂದರ ವಾಯರು ಹಿಂದಿನ ಗಾಲಿಗೆ ಮುಟ್ಟಲಿಲ್ಲ. ಇನ್ನೊಂದು ಮೂವತ್ಮೂರು ಎಂದು ಬೆಳಗಿತು, ಜೇಬಿನ ಮಾಪಕ ಇಪ್ಪತ್ತೆಂಟು ಎಂದಿತು. ಮೂರನೆಯದು ಹಗುರ ಪ್ಲಾಸ್ಟಿಕ್ಕಿನದು, ಎರಡೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ನಾಲ್ಕನೆಯದು ಸರಿ ಬಿತ್ತು. ಒಳಗೆ ಲೋಹದ ಸಿಲಿಂಡರು, ಬಾಯಿ ತಿರುಪಿ ಕೂರಿಸುವಂಥದ್ದು, ಹೇಳಿದಷ್ಟು ಗಾಳಿ ತುಂಬಿ ತಾನೇ ನಿಲ್ಲುತ್ತದೆ. ಹತ್ತು ನಿಮಿಷ ನಡೆಸಿದರೆ ಹತ್ತು ನಿಮಿಷ ಆರಲು ಬಿಡಬೇಕು, ಅಷ್ಟೇ ಅದರ ಕರಾರು. ಬಾಪೂಸಾಹೇಬ ಮರಾಠಿಯಲ್ಲಿ, ಇಷ್ಟು ಪರೀಕ್ಷೆ ಯಾರೂ ಅಳಿಯನಿಗೂ ಮಾಡುವುದಿಲ್ಲ ಎಂದು ಕೈಮುಗಿದ.

"ಇನ್ನ ಗಾಲಿ ಕುಂತ್ರೂ ಹೆದರಿಕಿಲ್ಲ," ಅಂದ ಜಿನಗೊಂಡ, ಮನೆಗೆ ಬಂದು ಸೊಸೆ ಮೃಣಾಲಳ ಎದುರು ಪಂಪನ್ನು ಎತ್ತಿ ತೋರಿಸುತ್ತ. "ಐದು ನಿಮಿಷದ ಕೆಲಸ."

ಸೋನಾಬಾಯಿ ಪಂಪನ್ನು ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋದಳು.

ರವಿವಾರ ಸಂಜೆ ನಾಲ್ಕೂ ಗಾಲಿ ಅಳೆದ. ಎಲ್ಲವೂ ಮೂವತ್ಮೂರು. ಸೋಮವಾರ ಐದೂವರೆಗೆ ಸ್ನಾನಕ್ಕೆ ನೀರು ಬಿಡುವಾಗ ಅಂಗಳದಿಂದ ಸುಂಯ್ ಎಂಬ ಸದ್ದು ಕಿವಿಗೆ ಬಿತ್ತು. ಹೊರಗೆ ಬಂದ. ಹಿಂದಿನ ಎರಡೂ ಗಾಲಿ ಕೂತಿದ್ದವು. ಮುಂದಿನ ಗಾಲಿಯ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋನಾಬಾಯಿ ಕೂತು ತಲೆಯ ಪಿನ್ನಿನಿಂದ ವಾಲ್ವನ್ನು ಒತ್ತುತ್ತಿದ್ದಳು. ಗಂಡನನ್ನು ಕಂಡರೂ ಕೈ ತೆಗೆಯಲಿಲ್ಲ. ಗಾಳಿ ಪೂರಾ ಹೋದ ಮೇಲೆ ತೆಗೆದಳು.

"ನೀನಽ?" ಜಿನಗೊಂಡನ ದನಿ ಚೀರಿತು. "ಇಷ್ಟು ದಿನ ನೀನಽ ಏನ? ಆಣಿ ಮಾಡಿದ್ದಿಲ್ಲೇನ ನೀ?"

"ಆ ಮಾತು ನಾ ಆಡಿಲ್ಲ," ಅಂದಳು. "ಬಾಯಿಗಿ ಆಣಿ ಹಾಕಿದ್ರಿ. ಕೈಗಿ ಹಾಕಿದ್ದಿಲ್ಲ."

ಅವನು ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ ಪಂಪು ತಂದು ಹಚ್ಚಿದ. ಪಂಪು ಹೇಳಿದ ಹಾಗೆ ಕೇಳಿತು. ಒಂದು ಗಾಲಿ ತುಂಬಿತು, ಎರಡನೆಯದೂ ತುಂಬಿತು. ಸಿಲಿಂಡರು ಕಾದು ಕೈಗೆ ಚುರುಕ್ ಎಂದಿತು. ಇನ್ನು ಹತ್ತು ನಿಮಿಷ ಕಾಯಬೇಕು. ತಲೆ ಎತ್ತಿ ನೋಡಿದರೆ ಸೋನಾಬಾಯಿ ಸೆರಗು ಸರಿಮಾಡಿಕೊಂಡು, ಆಸ್ಪತ್ರೆಯ ಫೈಲು ತೊಡೆಯ ಮೇಲೆ ಇಟ್ಟುಕೊಂಡು, ಕಾರಿನೊಳಗೆ ತಾನಾಗಿಯೇ ಹೋಗಿ ಕೂತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ಬಲಗೈಯಲ್ಲಿ ಹಿಡಿದಿದ್ದಳು. ಒಯ್ದರೆ ಬರುತ್ತಾಳೆ, ಚುಚ್ಚಿದರೆ ಚುಚ್ಚಿಸಿಕೊಳ್ಳುತ್ತಾಳೆ. ಅದನ್ನು ಕಂಡು ಜಿನಗೊಂಡನ ಸಿಟ್ಟೆಲ್ಲ ಸತ್ತುಹೋಯಿತು. ಕಾರಿನ ತೆರೆದ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ.

"ನನಗ ಯಾಕ ಹೇಳಲಿಲ್ಲ?"

"ಯಲ್ಲೇಶನ್ನ ಕೇಳಿದ್ರಿ. ಅಂಗಡ್ಯಾವನ್ನ ಕೇಳಿದ್ರಿ. ಮೊಬೈಲ್‌ದಾಗ ಕೇಳಿದ್ರಿ. ನನ್ನ ಕೇಳಿದ್ರೇನ?"

ಮುದುಕ ಆಕೆಯ ಗಂಟುಗಟ್ಟಿದ ಕೈ ಹಿಡಿದುಕೊಂಡ. "ಆಣಿ ಹಿಂದಕ್ಕ ತಗೊಂಡೇನಿ," ಅಂದ. "ಹೇಳು ಈಗ."

"ಮೈಯಾಗಿನ ರಕ್ತ ತಗದು ತೊಳದು ಹಾಕ್ತಾರ. ಮನಿಗಿ ಬಂದ್ರ ಕೈಕಾಲು ಸೆಳೀತಾವ. ದಿನಕ್ಕ ಎರಡು ವಾಟಗಾ ನೀರು, ಅದೂ ಅಳದು. ನಾಲ್ಕು ವರ್ಷ ಆತು ನೀರಡಿಕಿ ಹೋಗವಲ್ದು. ಸಾಕಾತ್ರಿ. ಭಾಳ ಸಾಕಾತು."

"ನೀ ಹೋದ್ರ ನಾ ಏನ ಮಾಡ್ಲಿ ಸೋನಾ?"

"ಅದನ್ನ ನಾ ಹ್ಯಾಂಗ ಹೇಳ್ಲಿ?" ಅಂದಳು. ಸುಳ್ಳು ಸಮಾಧಾನ ಹೇಳಲು ಆಕೆಗೆ ಬರುತ್ತಿರಲಿಲ್ಲ.

ಪಂಪು ಆರಿತ್ತು. ಜಿನಗೊಂಡ ಅದನ್ನು ಮುಟ್ಟಲಿಲ್ಲ. ಜೇಬಿನಿಂದ ಫೋನು ತೆಗೆದು ಆಸ್ಪತ್ರೆಗೆ ಹಚ್ಚಿದ. ಅಲ್ಲಿಯ ಸಿಸ್ಟರಿಗೆ ಈಗ ಅವನ ನಂಬರು ಗೊತ್ತು. "ಪಂಕ್ಚರ್ ಕಾ, ಕಾಕಾ?" ಎಂದು ಮರಾಠಿಯಲ್ಲಿ ತಾನೇ ಕೇಳಿದಳು.

"ಇಲ್ರಿ," ಅಂದ. "ಗಾಡಿಗಿ ಏನೂ ಆಗಿಲ್ಲ. ನಾವು ಬರೂದಿಲ್ರಿ. ಆ ಪಾಳಿ ಬ್ಯಾರೆಯವ್ರಿಗಿ ಕೊಟ್ಟುಬಿಡ್ರಿ."

ಸಿಸ್ಟರ್ ಇನ್ನೂ ಏನೋ ಕೇಳುತ್ತಿದ್ದಳು. ಅವನು ಫೋನು ಇಟ್ಟ. ಗದ್ದಲ ಕೇಳಿ ಮೃಣಾಲ ಬಾಗಿಲಿಗೆ ಬಂದಿದ್ದಳು, ಅತ್ತೆಗೆ ನೀರು ಅಳೆದು ಕೊಡುವ ವಾಟಗಾ ಬಟ್ಟಲು ಕೈಯಲ್ಲಿ ಹಿಡಿದು. ಏನಾಯಿತು ಮಾಮಾ ಎಂದು ಕೇಳಿದಳು.

"ಅದು ಬ್ಯಾಡವಾ," ಅಂದ ಜಿನಗೊಂಡ, ಕಣ್ಣು ಒರೆಸಿಕೊಳ್ಳದೆಯೇ. "ತಂಬಿಗಿ ತುಂಬಿ ತಗೊಂಡ ಬಾ. ಇವತ್ತ ನೀರು ಅಳೀಬ್ಯಾಡ."