ಹೊಂಗೆ ಮರದ ಕೆಳಗಿನ ವಕೀಲಮ್ಮ

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಮಧುಗಿರಿ ಕೋರ್ಟಿಗೆ ಬಂದ ಮೊದಲ ಹೆಣ್ಣು ವಕೀಲರಿಗೆ ನಾನು ಗುಮಾಸ್ತನಾಗಿದ್ದೆ. ಅವರು ಕರಿ ಕೋಟು ತೊಟ್ಟು ಬಂದ ದಿನವೇ ವಕೀಲರ ಕೋಣೆಯಲ್ಲಿ ಹಿರಿಯರೊಬ್ಬರು, "ಇಲ್ಲಿ ಹೆಂಗಸರಿಗೆ ಕುರ್ಚಿ ಇಲ್ಲಮ್ಮ," ಅಂದರು. ನನಗೆ ಮೈಯೆಲ್ಲ ಉರಿಯಿತು. ವಕೀಲಮ್ಮ ಮಾತ್ರ ಹೊರಗೆ ನಡೆದು ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತರು. ಅದೇ ಅವರ ಆಫೀಸಾಯಿತು.

ಕೋರ್ಟಿಗೆ ಬಂದ ಹೆಂಗಸರು ಆಗ ಗಂಡಸರ ಬೆನ್ನ ಹಿಂದೆ ನಿಂತೇ ಇರೋರು. ವಕೀಲಮ್ಮ ಪಕ್ಕದ ಕಲ್ಲನ್ನು ಅಂಗೈಯಲ್ಲಿ ತಟ್ಟಿ, "ಮೊದ್ಲು ಕೂತ್ಕೊಳ್ಳಮ್ಮ, ಆಮೇಲೆ ಹೇಳು," ಅನ್ನೋರು. ಪಾವಗಡದ ಕಡೆಯವರಿಗೆ ಅದನ್ನೇ ತೆಲುಗಿನಲ್ಲಿ ಹೇಳೋರು.

ಒಮ್ಮೆ ಐ.ಡಿ.ಹಳ್ಳಿಯ ವಿಧವೆಯೊಬ್ಬಳು ಗಂಡನ ಹೊಲಕ್ಕಾಗಿ ಬಂದಳು. ಆ ಹೊಲ ನುಂಗಿ ಕೂತಿದ್ದ ಭಾವ ಬೆನ್ನಿಗೇ ಬಂದು, "ಅವ್ಳಿಗೇನ್ ಗೊತ್ತು, ನಾನ್ ಹೇಳ್ತೀನಿ ಬುಡಿ," ಅಂದ.

"ಕೇಳೋಕೆ ಬಂದಿರೋಳು ಅವಳು. ನೀನು ಸುಮ್ನೆ ನಿಂತ್ಕೋ," ಅಂದರು ವಕೀಲಮ್ಮ.

ಭಾವನ ಪರ ವಾದಿಸಿದ್ದು ಅದೇ ಹಿರಿಯ ವಕೀಲರು. ಅವರು ಎಷ್ಟು ಗದರಿದರೂ, ಬೆಂಚಿನ ಮೇಲೆ ಕೂತು ಹೇಳಿದ್ದನ್ನೇ ಆಕೆ ಕಟಕಟೆಯಲ್ಲಿ ನಿಂತು ಹೇಳಿದಳು. ಹೊಲ ಆಕೆಯದಾಯಿತು. ಆಮೇಲೆ ಶಿರಾ, ಕೊರಟಗೆರೆಯಿಂದಲೂ ಹೆಂಗಸರು ಬಂದರು. ಬೆಂಚು ಸಾಲದೆ ಮರದ ಬೇರಿನ ಮೇಲೂ ಕೂತರು.

ಕೆಲವು ವರ್ಷಗಳಾದ ಮೇಲೆ ಆ ಹಿರಿಯರೇ, ಗಂಡ ಬಿಟ್ಟ ಮಗಳನ್ನು ಕರೆದುಕೊಂಡು ಮರದ ಹತ್ತಿರ ಬಂದರು. "ಇವಳ ಕೇಸು ನೀವೇ ನಡೆಸ್ಬೇಕಮ್ಮ," ಅಂದು ಬಿಸಿಲಲ್ಲೇ ನಿಂತರು. ಇಲ್ಲಿ ಗಂಡಸರಿಗೆ ಬೆಂಚಿಲ್ಲ ಅನ್ನೋಕೆ ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ವಕೀಲಮ್ಮ ಪಕ್ಕಕ್ಕೆ ಸರಿದು, ಇಬ್ಬರಿಗೂ ಜಾಗ ಮಾಡಿ ಕಲ್ಲು ತಟ್ಟಿದರು.

"ನೀವೂ ಕೂತ್ಕೊಳ್ಳಿ ಸಾರ್. ಆದ್ರೆ ಹೇಳೋದು ನಿಮ್ಮ ಮಗಳೇ."